ಕಣ್ಣಿಗೆ ಕಾಣದ ಕಾಡಿಗೆ

ಎದುರಿಗಿರುವವರ ಕಣ್ಣಿನ ಕಾಡಿಗೆಯನ್ನು ಒಡನೆಯೇ ಕಾಣುವ ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ಎಂದಿಗೂ ಕಾಣಲಾರದು. ಹಾಗೆಯೇ ಕವಿಯಾದವನು ತನ್ನ ಕೃತಿಯ ದೋಷವನ್ನು ತಾನೇ ಕಾಣುವುದು ದುಸ್ತರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಬರುವ ಈ ಅಭಿಪ್ರಾಯವನ್ನು ವಿದ್ಯಾರ್ಥಿಗಳು ಅಲಂಕಾರಶಾಸ್ತ್ರದ ಪಾಠವೆಂದು ಓದಿ, ಪರೀಕ್ಷೆಯಲ್ಲಿ ಬರೆದು, ಅಲ್ಲಿಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ಆ ಮಾತು ಕಾವ್ಯಕ್ಕೆ ಮಾತ್ರವೇ ಸಲ್ಲತಕ್ಕದ್ದಲ್ಲ. ಬರೆದವನಿಗೆ ತಾನು ಏನನ್ನು ಹೇಳಹೊರಟೆನೆಂಬುದು ಮೊದಲೇ ತಿಳಿದಿರುತ್ತದೆ. ಆದಕಾರಣ ಅವನು ತನ್ನ ಬರಹವನ್ನು ಓದುವುದೇ ಇಲ್ಲ. ಕೇವಲ ನೆನಪು ಮಾಡಿಕೊಳ್ಳುತ್ತಾನೆ. ಓದುವ ಕಣ್ಣು ಇನ್ನೊಬ್ಬರದೇ ಆಗಿರಬೇಕು.

ಈ ಸತ್ಯವು ಭಿತ್ತಿಪತ್ರದ ವಿಷಯದಲ್ಲಿ ಗೋಚರವಾಗುವಷ್ಟು ಸ್ಪಷ್ಟವಾಗಿ ಬೇರೆಡೆ ಗೋಚರವಾಗುವುದಿಲ್ಲ. ‘ಭಿತ್ತಿ’ ಎಂದರೆ ಗೋಡೆ. ಗ್ರಂಥವನ್ನು ಓದುವವನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು ಓದುತ್ತಾನೆ. ಅರ್ಥವಾಗದಿದ್ದರೆ ಹಿಂದಿನ ಪುಟವನ್ನು ತಿರುವುತ್ತಾನೆ. ಗೋಡೆಯ ಮೇಲಿನ ಬರಹವನ್ನು ಓದುವವನಾದರೋ ನಡೆಯುತ್ತಿರುತ್ತಾನೆ. ತಲೆಯ ಮೇಲೆ ಹೊರೆಯಿರುತ್ತದೆ, ಕಂಕುಳಲ್ಲಿ ಕೂಸಿರುತ್ತದೆ, ಬಸ್ಸು ತಪ್ಪೀತೆಂಬ ಆತಂಕವಿರುತ್ತದೆ. ಅವನು ಗೋಡೆಗೆ ಕೊಡುವುದು ಮೂರು ಉಸಿರಿನ ಕಾಲ ಮಾತ್ರ. ಅಷ್ಟರೊಳಗೆ ಅಕ್ಷರವು ತನ್ನ ಮಾತನ್ನು ಆಡಿ ಮುಗಿಸಬೇಕು. ಚಿತ್ರದ ಆಸರೆಯಿಲ್ಲದೆ ಅಕ್ಷರವನ್ನೇ ನೆಚ್ಚಿದ ಭಿತ್ತಿಪತ್ರಕ್ಕಂತೂ ಅಕ್ಷರದ ಗಾತ್ರ, ಅಂತರ ಹಾಗೂ ಸ್ಥಾನಗಳ ಹೊರತು ಬೇರೆ ನಾಲಗೆಯಿಲ್ಲ.

ಇದಕ್ಕೆ ದೃಷ್ಟಾಂತವಾಗಿ, ಶ್ರೀಮಠದ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದಾದ ಒಂದು ಪ್ರಸಂಗವನ್ನು ಇಲ್ಲಿ ನಿರೂಪಿಸುವುದು ಅಪ್ರಸ್ತುತವಾಗಲಾರದು.

1980ರ ದಶಕದ ಆರಂಭದ ದಿನಗಳವು. ಶ್ರೀಮಠದ ಆಶ್ರಯದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಒಂದು ಉಚಿತ ಶಿಬಿರ ಏರ್ಪಾಡಾಗಿತ್ತು. ಕನ್ನಡನಾಡಿನ ಹಳ್ಳಿಗಾಡಿಗೆ ಇಂತಹ ಶಿಬಿರಗಳ ಪರಿಚಯ ಚೆನ್ನಾಗಿಯೇ ಇತ್ತು. ಬೀಳಗಿಯಲ್ಲಿ ಹುಟ್ಟಿ, ಊರೂರು ಸುತ್ತಿ, ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದರೆಂಬ ಖ್ಯಾತಿಗೆ ಪಾತ್ರರಾಗಿ, 2005ರಲ್ಲಿ ದಿವಂಗತರಾದ ಡಾ. ಎಂ. ಸಿ. ಮೋದಿಯವರ ಹೆಸರು ಆ ಕಾಲದಲ್ಲಿ ಮನೆಮಾತಾಗಿತ್ತು. ಆದರೂ ಶಿಬಿರ ಎಂದು, ಎಲ್ಲಿ ಎಂಬುದು ಜನಕ್ಕೆ ತಿಳಿಯಬೇಕಾದರೆ ಡಂಗುರ ಸಾರಿಸಬೇಕು, ಇಲ್ಲವೆ ಬಸ್‌ನಿಲ್ದಾಣ, ಸಂತೆಯ ಮಾಳ, ಹಿಟ್ಟಿನ ಗಿರಣಿಗಳ ಗೋಡೆಗೆ ಭಿತ್ತಿಪತ್ರಗಳನ್ನು ಅಂಟಿಸಬೇಕು. ಆ ಭಿತ್ತಿಪತ್ರದ ವಿನ್ಯಾಸವನ್ನು ಪ್ರಸಾದನಿಲಯದ ವಿದ್ಯಾರ್ಥಿಗಳೇ ಸಿದ್ಧಪಡಿಸಲೆಂದು ಪೂಜ್ಯ ಸ್ವಾಮಿಗಳು ಅಪ್ಪಣೆ ಕೊಡಿಸಿದರು.

ಹತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗನ ಕೈಬರಹ ಊರಿಗೇ ಪ್ರಸಿದ್ಧವಾಗಿತ್ತು. ಪ್ರಾರ್ಥನಾಮಂದಿರದ ಹಲಗೆಯ ಮೇಲೆ ದಿನಕ್ಕೊಂದು ವಚನವನ್ನು ಬರೆಯುತ್ತಿದ್ದವನು ಅವನೇ. ನಾಲ್ಕು ರಾತ್ರಿ ನಿದ್ದೆಗೆಟ್ಟು ಅವನು ಒಂದು ವಿನ್ಯಾಸವನ್ನು ರಚಿಸಿದನು. ಮಠದ ಮೇಲಿನ ಭಕ್ತಿಯಿಂದ ಗಾಢವಾದ ಕಾವಿಯ ಹಿನ್ನೆಲೆಯನ್ನು ಆರಿಸಿಕೊಂಡು, ಅದರ ಮೇಲೆ ನೀಲಿಯಲ್ಲಿ ಅಕ್ಷರಗಳನ್ನು ಮೂಡಿಸಿದನು. ಒಂದೊಂದು ಅಕ್ಷರದ ತಲೆಕಟ್ಟೂ ಬಳ್ಳಿಯಾಗಿ ಹಬ್ಬಿತ್ತು. ಒಂದೊಂದು ಕೊಂಬೂ ಮೊಗ್ಗಾಗಿ ಬಿರಿದಿತ್ತು. ಮೇಲಿನ ಮೂರನೆಯ ಒಂದು ಭಾಗದಲ್ಲಿ ಪೂಜ್ಯರ ಬಿರುದಾವಳಿ, ಅಧ್ಯಕ್ಷರು, ಮುಖ್ಯ ಅತಿಥಿಗಳು, ಶಿಬಿರದ ವೆಚ್ಚವನ್ನು ವಹಿಸಿಕೊಂಡಿದ್ದ ದಾನಿಗಳು, ಇವರೆಲ್ಲರ ಹೆಸರುಗಳಿದ್ದವು. ನಡುವೆ ‘ಉಚಿತ ನೇತ್ರ ಚಿಕಿತ್ಸಾ ಶಿಬಿರ’ ಎಂದೂ ಅದರ ಕೆಳಗೆ ಪೊರೆಯ ಶಸ್ತ್ರಚಿಕಿತ್ಸೆಯ ವಿವರವೂ ಇತ್ತು. ದಿನಾಂಕ ಮತ್ತು ಸ್ಥಳಗಳು ಎಲ್ಲಕ್ಕೂ ಕೆಳಗೆ, ಉಳಿದ ಜಾಗದಲ್ಲಿ ಒತ್ತಟ್ಟಿಗೆ ಸೇರಿಕೊಂಡಿದ್ದವು.

ಚಿತ್ರಕಲೆಯ ಅಧ್ಯಾಪಕರು ಆ ಹಾಳೆಯನ್ನು ನೋಡಿ ಏನನ್ನೂ ಹೇಳಲಿಲ್ಲ. ದಾಸೋಹದ ಮನೆಗೆ ಹೋಗುವ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆಯಿತ್ತು. ಅದಕ್ಕೆ ಹಾಳೆಯನ್ನು ತೂಗುಹಾಕಿ, ಪ್ರಸಾದಕ್ಕೆ ಹೋಗುವ ಹುಡುಗರೆಲ್ಲ ನೋಡಿ ಅಭಿಪ್ರಾಯ ಹೇಳಬೇಕೆಂದು ತಿಳಿಸಿದರು.

ಮೊದಲನೆಯ ರಾತ್ರಿ ನಡೆದದ್ದು ವಿಮರ್ಶೆಯಲ್ಲ. ಬಹುಮಂದಿ “ಚೆನ್ನಾಗಿದೆ ಅಣ್ಣ” ಎಂದು ಹೇಳಿ ತಟ್ಟೆ ಹಿಡಿದುಕೊಂಡು ಮುಂದೆ ಹೋದರು. ಆ ಮಾತಿನಿಂದ ಬರೆದವನಿಗೆ ಸಂತೋಷವಾಯಿತೇ ಹೊರತು ಬರಹಕ್ಕೆ ಯಾವ ಉಪಕಾರವೂ ಆಗಲಿಲ್ಲ. ದೊಡ್ಡ ಹುಡುಗನೊಬ್ಬನು, “ಇದೇನು ಶಿಬಿರದ ಪೋಸ್ಟರೋ, ಮದುವೆಯ ಲಗ್ನಪತ್ರಿಕೆಯೋ?” ಎಂದು ನಗೆಯಾಡಿದನು. ಇನ್ನೊಬ್ಬನು ‘ಕಣ್ಣಿನ ಪೊರೆ’ ಎಂಬಲ್ಲಿ ‘ಕಣ್ಣಿನ ಹೊರೆ’ ಎಂದು ಗಟ್ಟಿಯಾಗಿ ಓದಿದನು. ಪಕಾರಕ್ಕೆ ಅಂದಕ್ಕಾಗಿ ಜೋಡಿಸಿದ್ದ ಬಳ್ಳಿಯ ಸುರುಳಿಯಿಂದ ಅದು ಹಕಾರದಂತೆ ಕಾಣುತ್ತಿತ್ತು. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗಿ, ಪಾಲು ಹಾಲಾಗಿ, ಪೂವು ಹೂವಾದ ಸಂಗತಿಯನ್ನು ಪಾಠದಲ್ಲಿ ಕೇಳಿದ್ದ ಹುಡುಗರಿಗೆ ನಗುವಿಗೆ ಇನ್ನೊಂದು ಕಾರಣ ಸಿಕ್ಕಂತಾಯಿತು. ಪಡಸಾಲೆಯೆಲ್ಲ ನಕ್ಕಿತು. ಬರೆದ ಹುಡುಗನು ಹಾಳೆಯನ್ನು ಮೊಳೆಯಿಂದ ಕಿತ್ತುಕೊಂಡು ಹೊರಟುಹೋದನು. ಆ ರಾತ್ರಿ ಅವನು ಪ್ರಸಾದಕ್ಕೆ ಬರಲಿಲ್ಲ.

ಮರುದಿನ ಅಧ್ಯಾಪಕರು ಅವನನ್ನೂ ಅವನ ಸಹಪಾಠಿಗಳನ್ನೂ ಒಟ್ಟಿಗೆ ಕೂಡಿಸಿ ಮೂರು ಕಟ್ಟಳೆಗಳನ್ನು ವಿಧಿಸಿದರು. ನೋಡುವವರನ್ನು ‘ಹೇಗಿದೆ’ ಎಂದು ಯಾರೂ ಕೇಳಕೂಡದು, ‘ಏನು ಓದಿದೆ’ ಎಂದೇ ಕೇಳಬೇಕು. ಓದುತ್ತಿರುವಾಗ ಬರೆದವನು ಬಾಯಿ ತೆರೆಯಕೂಡದು. ಏಕೆಂದರೆ ಸಂತೆಯ ಗೋಡೆಯ ಪಕ್ಕದಲ್ಲಿ ನಿಂತು ಅವನು ಯಾರಿಗೂ ವಿವರಣೆ ಕೊಡಲಾರನು. ಮೂರನೆಯದು, ನೋಡಿದವರು ತಮಗಾದ ತೊಡಕನ್ನು ಹೇಳಬೇಕೇ ವಿನಾ ಪರಿಹಾರವನ್ನು ಹೇಳಕೂಡದು. ವೈದ್ಯನ ಬಳಿಗೆ ಹೋದವನು ಎಲ್ಲಿ ನೋವೆಂದು ತೋರಿಸುತ್ತಾನೆ. ಇಂತಹ ಮದ್ದನ್ನೇ ಕೊಡೆಂದು ಹಟಹಿಡಿಯುವುದಿಲ್ಲ. ಮದ್ದನ್ನು ಹುಡುಕುವುದು ಬರೆದವನ ಕರ್ತವ್ಯ.

ಈ ಕಟ್ಟಳೆಗಳು ಸಾಮಾನ್ಯವಾಗಿ ಕಂಡರೂ ಅವುಗಳ ಪರಿಣಾಮ ಸಾಮಾನ್ಯವಾಗಿರಲಿಲ್ಲ. ‘ಹೇಗಿದೆ’ ಎಂಬ ಪ್ರಶ್ನೆಗೆ ಬರುವ ಉತ್ತರ ಸ್ನೇಹವನ್ನೋ ಅಸೂಯೆಯನ್ನೋ ಅವಲಂಬಿಸುತ್ತದೆ. ‘ಏನು ಓದಿದೆ’ ಎಂಬ ಪ್ರಶ್ನೆಗೆ ಸ್ನೇಹಿತನೂ ವಿರೋಧಿಯೂ ಒಂದೇ ಉತ್ತರವನ್ನು ಕೊಡಬೇಕಾಗುತ್ತದೆ. ಏಕೆಂದರೆ ಅದು ಅಭಿರುಚಿಯ ಮಾತಲ್ಲ, ಕಣ್ಣಿನ ಸಾಕ್ಷ್ಯ. ಅದು ಬರೆದವನನ್ನು ಇರಿಯುವುದಿಲ್ಲ; ಹಾಳೆಯನ್ನು ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ರಾತ್ರಿ ಹಾಳೆ ಪುನಃ ಮೊಳೆಗೆ ಬಂದಿತು. ಇಪ್ಪತ್ತು ಹೆಜ್ಜೆಯ ದೂರದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ಮೂರು ಎಣಿಸುವಷ್ಟು ಹೊತ್ತು ತೋರಿಸಿ, ಬಟ್ಟೆ ಮುಚ್ಚಿ, ಓದಿದ್ದನ್ನು ಹೇಳಿಸಲಾಯಿತು. ಪಡಸಾಲೆಯ ಮಂದವಾದ ದೀಪದಲ್ಲಿ ಕಾವಿಯೂ ಕಪ್ಪಾಗಿ, ನೀಲಿಯೂ ಕಪ್ಪಾಗಿ, ಕೆಲವರಿಗೆ ಅಕ್ಷರವೇ ಕಾಣಲಿಲ್ಲ. ಬಣ್ಣಗಳು ಬೇರೆಯಾದ ಮಾತ್ರಕ್ಕೆ ಸಾಲದು, ಒಂದು ತಿಳಿಯಾಗಿಯೂ ಇನ್ನೊಂದು ದಟ್ಟವಾಗಿಯೂ ಇರಬೇಕೆಂಬುದು ಹಗಲಿನಲ್ಲಿ ಬರೆದ ಹುಡುಗನಿಗೆ ಹೊಳೆದಿರಲಿಲ್ಲ. ‘ಶಸ್ತ್ರಚಿಕಿತ್ಸೆ’ ಎಂಬ ಪದದ ಬಳಿ ಹಲವರು ತಡವರಿಸಿದರು. ಸಕಾರದ ಕೆಳಗೆ ತಕಾರದ ಒತ್ತು, ಅದರೊಡನೆ ರಕಾರದ ಒತ್ತು ಇಳಿದು, ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಬಿದ್ದು, ಎರಡು ಸಾಲುಗಳು ಜಗಳವಾಡುವಂತೆ ಕಾಣುತ್ತಿದ್ದವು.

ಇಲ್ಲಿ ಕನ್ನಡ ಲಿಪಿಯ ಸ್ವಭಾವವನ್ನು ಕುರಿತು ಒಂದು ಮಾತು ಅವಶ್ಯ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಿಪಾಯಿಗಳಂತೆ ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರವು ಸಂಸಾರವಂದಿಗ. ಅದರ ತಲೆಯ ಮೇಲೆ ಗುಡಿಸು, ಏತ್ವಗಳಿರುತ್ತವೆ. ಬಲಕ್ಕೆ ಕೊಂಬು, ದೀರ್ಘಗಳಿರುತ್ತವೆ. ಕೆಳಗೆ ಒತ್ತುಗಳು ಇಳಿಯುತ್ತವೆ. ಆದ್ದರಿಂದ ಸಾಲುಸಾಲಿನ ನಡುವೆ ಕನ್ನಡಕ್ಕೆ ಧಾರಾಳವಾದ ಜಾಗ ಬೇಕು. ದಕಾರ, ಧಕಾರ, ಥಕಾರಗಳ ಭೇದವಿರುವುದು ಒಂದು ಸಣ್ಣ ಗೀರಿನಲ್ಲಿ, ಒಂದು ಚುಕ್ಕೆಯಲ್ಲಿ. ರಕಾರದ ಒಡಲಲ್ಲಿ ಚುಕ್ಕೆಯಿಟ್ಟರೆ ಠಕಾರ. ಅಕ್ಷರವನ್ನು ದಪ್ಪಗೊಳಿಸಿದಷ್ಟೂ ಈ ಸಣ್ಣ ಗುರುತುಗಳು ಮಸಿಯಲ್ಲಿ ಮುಳುಗುತ್ತವೆ. ದಪ್ಪಕ್ಷರವೇ ಸ್ಪಷ್ಟಾಕ್ಷರವೆಂಬ ನಂಬಿಕೆ ಕನ್ನಡದ ಮಟ್ಟಿಗೆ ಅರ್ಧಸತ್ಯ ಮಾತ್ರ.

ಅಂದು ಎಲ್ಲರ ಮಾತು ಮುಗಿದ ಮೇಲೆ, ಎಂಟನೆಯ ತರಗತಿಗೆ ಅದೇ ವರ್ಷ ಸೇರಿದ್ದ ಒಬ್ಬ ಹುಡುಗ ಅಂಜುತ್ತಂಜುತ್ತ ಮುಂದೆ ಬಂದನು. “ನೀನು ಏನು ಓದಿದೆಯಪ್ಪ?” ಎಂದು ಅಧ್ಯಾಪಕರು ಕೇಳಿದರು. “ಹೆಸರುಗಳನ್ನ ಓದಿದೆ ಸಾರ್. ಅಷ್ಟರಲ್ಲಿ ಬಟ್ಟೆ ಮುಚ್ಚಿಬಿಟ್ರಿ” ಎಂದನು. ಯಾರೂ ನಗಲಿಲ್ಲ. ಅವನು ಇನ್ನೂ ಏನನ್ನೋ ಹೇಳಬೇಕೆಂದು ನಿಂತೇ ಇದ್ದನು. ಒತ್ತಾಯ ಮಾಡಿದ ಮೇಲೆ, “ನಮ್ಮ ಅಜ್ಜಿಗೂ ಪೊರೆ ಬಂದದೆ ಸಾರ್. ಅವರು ಇದನ್ನ ಓದಲ್ಲ, ಅವರಿಗೆ ಕಣ್ಣೇ ಕಾಣಲ್ಲ. ಓದಿ ಹೇಳೋನು ನನ್ನ ತಮ್ಮ. ಅವನು ಮೂರನೇ ಕ್ಲಾಸು” ಎಂದನು.

ಆ ಮಾತಿನಿಂದ ಇಡೀ ವಿನ್ಯಾಸದ ದಿಕ್ಕೇ ಬದಲಾಯಿತು. ಅದುವರೆಗೆ ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಓದುಗರು ಒಂದೋ ದೃಷ್ಟಿ ಮಂದವಾದ ವೃದ್ಧರು, ಇಲ್ಲವೆ ಊರಿನ ಗಣ್ಯರು. ಆದರೆ ಆ ಭಿತ್ತಿಪತ್ರದ ನಿಜವಾದ ಓದುಗನು ಮೂರನೆಯ ತರಗತಿಯ ಒಬ್ಬ ಬಾಲಕ. ಅವನು ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿ, ಮನೆಗೆ ಓಡಿಹೋಗಿ ಅಜ್ಜಿಗೆ ಹೇಳಬೇಕು. ಅವನು ತಪ್ಪಿದರೆ ಅಜ್ಜಿಯ ಕಣ್ಣು ತಪ್ಪಿತು. ಅಂತಹ ಬಾಲಕನಿಗೆ ‘ನೇತ್ರ ಚಿಕಿತ್ಸಾ ಶಿಬಿರ’ ಎಂಬುದು ಕಬ್ಬಿಣದ ಕಡಲೆ. ‘ಪೊರೆ’ ಅವನ ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಶಿವಾನುಭವವನ್ನು ಆಡುನುಡಿಯಲ್ಲಿ ಹೇಳಿದ ಶರಣರ ಪರಂಪರೆಯ ಮಠವೊಂದು ಕಣ್ಣನ್ನು ಕಣ್ಣೆಂದೇ ಕರೆಯುವುದರಲ್ಲಿ ಗೌರವಕ್ಕೆ ಯಾವ ಕುಂದೂ ಇರಲಿಲ್ಲ.

ಮೂರನೆಯ ವಿನ್ಯಾಸ ಕೆಟ್ಟುಹೋಯಿತು. ಹುಡುಗನು ಎಲ್ಲರ ಮಾತನ್ನೂ ನಡೆಸಿಕೊಡಲು ಹೊರಟನು. ಒಬ್ಬನಿಗಾಗಿ ಹಳದಿ, ಇನ್ನೊಬ್ಬನಿಗಾಗಿ ಕೆಂಪು. ಒಬ್ಬನು ಕಾಣಲಿಲ್ಲವೆಂದ ಸಾಲು ದೊಡ್ಡದಾಯಿತು, ಮತ್ತೊಬ್ಬನು ಕಾಣಲಿಲ್ಲವೆಂದ ಸಾಲು ಅದಕ್ಕಿಂತ ದೊಡ್ಡದಾಯಿತು. ಕಡೆಗೆ ಎಲ್ಲವೂ ದೊಡ್ಡದಾಗಿ ಯಾವುದೂ ದೊಡ್ಡದಲ್ಲವಾಯಿತು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ ಆ ಹಾಳೆ ಗದ್ದಲವಾಗಿತ್ತು. ಅದನ್ನು ನೋಡಿದ ಅಧ್ಯಾಪಕರು, “ಅವರು ತೋರಿಸಿದ ನೋವನ್ನೆಲ್ಲ ನಂಬು, ಆದರೆ ಮದ್ದು ಒಂದೇ ಇರಲಿ, ಅದು ನಿನ್ನದಾಗಿರಲಿ” ಎಂದರು. ಪರರ ಅಭಿಪ್ರಾಯವನ್ನು ಸ್ವೀಕರಿಸುವುದೆಂದರೆ ಅದಕ್ಕೆ ಶರಣಾಗುವುದಲ್ಲವೆಂಬ ತಿಳಿವಳಿಕೆ ಆ ಹುಡುಗನಿಗೆ ಬಂದದ್ದು ಅಂದು.

ಕನ್ನಡ ಮುದ್ರಣಕ್ಕೆ ಉಪಕಾರ ಮಾಡಿದ ಒಂದು ದೂರದ ಊರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಯುಕ್ತ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಪಾದ್ರಿಗಳು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂದಿತು. 1894ರಲ್ಲಿ ಕಿಟ್ಟೆಲರ ನಿಘಂಟು ಅವರಲ್ಲಿಯೇ ಅಚ್ಚಾಯಿತು. ಅದೇ ಬಾಸೆಲ್ ನಗರದ ವೃತ್ತಿಶಿಕ್ಷಣ ಶಾಲೆಯಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಎಮಿಲ್ ರೂಡರ್ (1914–1970), ಆರ್ಮಿನ್ ಹಾಫ್‌ಮನ್ (1920–2020) ಎಂಬ ಇಬ್ಬರು ಅಧ್ಯಾಪಕರು ಅಕ್ಷರವಿನ್ಯಾಸವನ್ನೂ ಭಿತ್ತಿಪತ್ರಕಲೆಯನ್ನೂ ಕಲಿಸಿ ಲೋಕಪ್ರಸಿದ್ಧರಾದರು. ರೂಡರನು ಸ್ವತಃ ಮೊಳೆ ಜೋಡಿಸುವ ಕೆಲಸವನ್ನು ಕಲಿತು ಮೇಲೆ ಬಂದವನು. ಓದಲಾಗದ ಮುದ್ರಣವು ಉದ್ದೇಶವನ್ನೇ ಕಳೆದುಕೊಂಡ ವಸ್ತುವೆಂಬುದು 1967ರಲ್ಲಿ ಪ್ರಕಟವಾದ ಅವನ ಗ್ರಂಥದ ಮೂಲತತ್ತ್ವ. ಹಾಫ್‌ಮನ್ನನು 1965ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಪಾಠ ಹೇಳಿದವನು.

ಅಕ್ಷರದ ಸುತ್ತಲಿನ ಮತ್ತು ಒಳಗಿನ ಬಿಳಿಯ ಜಾಗವು ಅಕ್ಷರದಷ್ಟೇ ಮುಖ್ಯವೆಂಬುದು ಆ ಶಾಲೆ ಕಲಿಸಿದ ದೊಡ್ಡ ಪಾಠ. ಆ ಜಾಗ ಬರೆಯದೆ ಉಳಿದದ್ದಲ್ಲ, ಬೇಕೆಂದೇ ಉಳಿಸಿದ್ದು. ‘ಬಯಲು’ ಎಂಬ ಶಬ್ದಕ್ಕೆ ಬರಿದೆಂಬ ಅರ್ಥಕ್ಕಿಂತ ಹಿರಿದಾದ ಅರ್ಥವನ್ನು ಕೊಟ್ಟ ಶರಣರ ನಾಡಿನವರಿಗೆ ಇದು ತೀರ ಅಪರಿಚಿತವೆನಿಸಲಾರದು.

ಪಡಸಾಲೆಯ ಹುಡುಗನು ಬಾಸೆಲಿನ ಹೆಸರನ್ನು ಕೇಳಿದವನಲ್ಲ. ಆದರೂ ಅವನ ನಾಲ್ಕನೆಯ ವಿನ್ಯಾಸದಲ್ಲಿ ಬಿಳಿಯ ಹಾಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಉಳಿದಿತ್ತು. ಬಳ್ಳಿ ಮೊಗ್ಗುಗಳೆಲ್ಲ ಮಾಯವಾಗಿ, ‘ಕಣ್ಣಿನ ಪೊರೆ’ ಎಂಬ ಎರಡು ಪದಗಳು ನಡುವೆ ಕಪ್ಪಾಗಿ ನಿಂತಿದ್ದವು. ಅದರ ಕೆಳಗೆ ದಿನ, ಸ್ಥಳ. ಆಮೇಲೆ ದುಡ್ಡು ಕೊಡಬೇಕಾಗಿಲ್ಲವೆಂಬ ಮಾತು, ಊಟ ವಸತಿಗಳು ಮಠದಲ್ಲಿಯೇ ಎಂಬ ಮಾತು. ಹೆಸರುಗಳು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದವು.

ಆ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಸೌದೆಯ ಗಾಡಿಯವನೊಬ್ಬ ಎತ್ತುಗಳಿಗೆ ನೀರು ಕುಡಿಸುತ್ತಿದ್ದನು. ಅವನಿಗೆ ದೂರದಿಂದ ಹಾಳೆಯನ್ನು ತೋರಿಸಿ ಓದಿಸಿದರು. ಪೊರೆ ಎಂಬುದನ್ನು ಥಟ್ಟನೆ ಓದಿದನು. ಯಾವತ್ತು ಎಂದು ಕೇಳಿದ್ದಕ್ಕೆ, “ಒಂಬತ್ತನೇ ತಾರೀಕು” ಎಂದನು. ಶಿಬಿರವಿದ್ದುದು ಆರನೆಯ ತಾರೀಖು. ಕನ್ನಡದ ೬ ಮತ್ತು ೯ ಅಂಕಿಗಳ ಒಡಲು ಹೆಚ್ಚುಕಡಿಮೆ ಒಂದೇ. ಬಾಲ ಹೊರಳುವ ರೀತಿಯಲ್ಲಿ ಮಾತ್ರ ಭೇದ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಂಬತ್ತಕ್ಕೆ ಬರುವ ಅಜ್ಜಿಗೆ ಖಾಲಿಯಾದ ಶಾಲೆಯ ಕೋಣೆಗಳು ಮಾತ್ರ ಕಾಣುತ್ತಿದ್ದವು, ಅವೂ ಕಾಣುತ್ತಿರಲಿಲ್ಲ. ನಾಲ್ಕು ಸಲ ಬರೆದ ಹುಡುಗನಿಗಾಗಲಿ, ನೂರಾರು ಸಲ ನೋಡಿದ ಸಹಪಾಠಿಗಳಿಗಾಗಲಿ, ಅಧ್ಯಾಪಕರಿಗಾಗಲಿ ಅದು ಕಂಡಿರಲಿಲ್ಲ. ಎಲ್ಲರಿಗೂ ತಾರೀಖು ಮೊದಲೇ ಗೊತ್ತಿತ್ತು. ಕಾಡಿಗೆ ಎಲ್ಲರ ಕಣ್ಣಲ್ಲಿಯೂ ಇತ್ತು.

ಅಂಕಿಯ ಜೊತೆಗೆ ‘ಆರನೆಯ ತಾರೀಖು, ಸೋಮವಾರ’ ಎಂದು ಅಕ್ಷರದಲ್ಲಿಯೂ ಬರೆಯುವುದೆಂದು ನಿಶ್ಚಯವಾಯಿತು. ತಾರೀಖಿಗಿಂತ ಸಂತೆಯ ಲೆಕ್ಕವನ್ನೇ ಬಲ್ಲ ಹಳ್ಳಿಗಳಿಗಾಗಿ ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ‘ಸಂತೆಯ ಮರುದಿನ’ ಎಂದೋ, ‘ಸಂತೆ ಕಳೆದು ಮೂರನೆಯ ದಿನ’ ಎಂದೋ ಆಯಾ ಊರಿಗೆ ತಕ್ಕಂತೆ ಕೈಯಿಂದ ಬರೆಯಲು ಅನುಕೂಲ ಮಾಡಲಾಯಿತು. ಈ ಸಲಹೆ ಬಂದದ್ದು ಮೊದಲ ರಾತ್ರಿ ‘ಕಣ್ಣಿನ ಹೊರೆ’ ಎಂದು ಓದಿ ನಗಿಸಿದ್ದ ಹುಡುಗನಿಂದಲೇ.

ಇನ್ನು ಉಳಿದದ್ದು ಹೆಸರುಗಳ ಪ್ರಶ್ನೆ. ಹಿರಿಯರ ಹೆಸರನ್ನು ಮೇಲಿನಿಂದ ಕೆಳಕ್ಕೆ ಇಳಿಸಿದ್ದನ್ನು ಯಾರು ಹೋಗಿ ಅರಿಕೆ ಮಾಡಬೇಕು? ಅಧ್ಯಾಪಕರು ಎರಡು ದಿನ ಹಿಂಜರಿದು, ಕಡೆಗೆ ಹಾಳೆಯೊಡನೆ ಎಂಟನೆಯ ತರಗತಿಯ ಆ ಹುಡುಗನನ್ನೂ ಕರೆದುಕೊಂಡು ಪೂಜ್ಯರ ಸನ್ನಿಧಿಗೆ ಹೋದರು. “ಬುದ್ಧಿ, ತಮ್ಮ ಹೆಸರು ಕೆಳಗೆ ಬಂದಿದೆ” ಎಂದು ಅಳುಕುತ್ತ ವಿಜ್ಞಾಪಿಸಿಕೊಂಡರು. ಪೂಜ್ಯರು ಹಾಳೆಯನ್ನು ದೂರ ಹಿಡಿದು ನೋಡಿ, “ಊರಿಗೆ ದಾರಿ ತೋರಿಸುವ ಹಲಗೆಯಲ್ಲಿ ಹಲಗೆ ನೆಡಿಸಿದವನ ಹೆಸರೇ ದೊಡ್ಡದಾಗಿದ್ದರೆ ದಾರಿಹೋಕ ಊರು ಸೇರುವುದು ಹೇಗೆ? ಬಿರುದುಗಳನ್ನು ತೆಗೆದುಬಿಡಿ, ಮಠದ ಹೆಸರೊಂದು ಸಾಕು” ಎಂದರು.

ದಾನಿಗಳ ಬಳಿ ಕೆಲಸ ಅಷ್ಟು ಸುಲಭವಾಗಲಿಲ್ಲ. ಅವರು ಜವಳಿಯ ವ್ಯಾಪಾರಿಗಳು. ದುಡಿದು ಮೇಲೆ ಬಂದವರು. ಹಾಳೆಯನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಅವರ ಮುಖದಲ್ಲಿ ಬೇಸರವಿತ್ತೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ಕೊಟ್ಟವನಿಗೆ ತನ್ನ ಹೆಸರಿನ ಮೇಲೆ ಪ್ರೀತಿಯಿರುವುದು ಅಪರಾಧವಲ್ಲ. ಆಗ ಅಧ್ಯಾಪಕರು ವಾದಕ್ಕೆ ಇಳಿಯದೆ, ಹಳೆಯ ವಿನ್ಯಾಸವನ್ನೂ ಹೊಸದನ್ನೂ ಅಂಗಡಿಯ ಎದುರುಗೋಡೆಗೆ ಹಿಡಿಸ, ಪಡಸಾಲೆಯಲ್ಲಿ ಮಾಡಿದ ಹಾಗೆಯೇ ಮೂರು ಎಣಿಸಿ, ಏನು ಓದಿದಿರೆಂದು ಅವರನ್ನೇ ಕೇಳಿದರು. ಹಳೆಯದರಲ್ಲಿ ಅವರು ತಮ್ಮ ಹೆಸರನ್ನು ಓದಿದ್ದರು. ಹೊಸದರಲ್ಲಿ ಪೊರೆಯನ್ನೂ ಸೋಮವಾರವನ್ನೂ ಓದಿದ್ದರು. “ನನ್ನ ಹೆಸರು ತೆಗೀಬೇಡಿ ಮೇಷ್ಟ್ರೇ, ಕೆಳಗೇ ಇರಲಿ” ಎಂದು ಹೇಳಿ, ಮುದ್ರಣದ ಖರ್ಚಿಗೆ ಹಣವನ್ನು ಎಣಿಸಿಕೊಟ್ಟರು. ಆ ಮಾತಿನಲ್ಲಿದ್ದ ಪ್ರಾಮಾಣಿಕತೆ ತ್ಯಾಗದ ದೊಡ್ಡ ಮಾತುಗಳಲ್ಲಿಯೂ ಅಪರೂಪ.

ಪಟ್ಟಣದ ಮುದ್ರಣಾಲಯದಲ್ಲಿ ದೊಡ್ಡ ಸಾಲಿಗೆ ಬ್ಲಾಕ್ ಮಾಡಿಸಿ, ಉಳಿದುದನ್ನು ಮೊಳೆಯಲ್ಲಿ ಜೋಡಿಸಿ ಅಚ್ಚುಹಾಕಿದರು. ಹುಡುಗರೇ ಗೋಂದು ಕಲಸಿಕೊಂಡು ಹೋಗಿ ಅಂಟಿಸಿ ಬಂದರು. ಸೋಮವಾರ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಸಾಲುನಿಂತಿದ್ದವರ ನಡುವೆ ಎಂಟನೆಯ ತರಗತಿಯ ಆ ಹುಡುಗನ ಅಜ್ಜಿಯೂ ಇದ್ದರು. ಕೈಹಿಡಿದು ಕರೆತಂದವನು ಮೂರನೆಯ ತರಗತಿಯ ಮೊಮ್ಮಗ. ಅಣ್ಣನನ್ನು ಕಂಡೊಡನೆ ಅವನು ಭಿತ್ತಿಪತ್ರದ ಮಾತುಗಳನ್ನು ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿನಲ್ಲಿ ಒಪ್ಪಿಸಿದನು. ಅಡಿಯಲ್ಲಿದ್ದ ದಾನಿಗಳ ಹೆಸರನ್ನೂ ಬಿಡಲಿಲ್ಲ. ಅಕ್ಷರ ಬರೆದ ಹುಡುಗನು ಅಲ್ಲಿಯೇ ನಿಂತು ಕೇಳಿಸಿಕೊಂಡನು. ಅಂದು ಅವನನ್ನು ಯಾರೂ ಹೊಗಳಲಿಲ್ಲ. ಹೊಗಳಿಕೆಯ ಅವಶ್ಯಕತೆ ಅವನಿಗೂ ಇದ್ದಂತೆ ಕಾಣಲಿಲ್ಲ.

ಈ ಕ್ರಮದಲ್ಲಿ ಹೊಸತೇನೂ ಇಲ್ಲ. ತಾಳೆಯ ಗರಿಯ ಮೇಲೆ ಕಂಠದಿಂದ ಕೊರೆದು ಕೃತಿಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು, ಕೊನೆಯಲ್ಲಿ ತಪ್ಪುಗಳಿದ್ದರೆ ತಿದ್ದಿ ಓದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದುದುಂಟು. ಅದನ್ನು ಕೇವಲ ವಿನಯದ ಮಾತೆಂದು ಬಗೆಯಬಾರದು; ಬರಹವು ಇನ್ನೊಬ್ಬರ ಕಣ್ಣಿನಲ್ಲಿಯೇ ಪೂರ್ಣವಾಗುವುದೆಂಬ ಅನುಭವದ ಮಾತದು. ಶರಣರ ಸಂವಾದಗಳನ್ನು ಪೋಣಿಸಿದ ‘ಶೂನ್ಯಸಂಪಾದನೆ’ಯೂ ಒಬ್ಬನ ಕೈಯಲ್ಲಿ ಮುಗಿದದ್ದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಮಾಡಿದ ಮೊದಲ ಸಂಕಲನವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣೊಡೆಯ ಎಂಬ ಮೂವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ತಿದ್ದಿದವರು ಮೊದಲಿನವನನ್ನು ಅಲ್ಲಗಳೆಯಲು ತಿದ್ದಲಿಲ್ಲ. ಅವನ ಕೆಲಸವನ್ನು ತಮ್ಮದೆಂದು ಭಾವಿಸಿ ತಿದ್ದಿದರು.

ಈಗ ಮೊಳೆ ಜೋಡಿಸುವವರಿಲ್ಲ. ಗಣಕಯಂತ್ರದ ಮುಂದೆ ಕುಳಿತರೆ ಕ್ಷಣಮಾತ್ರದಲ್ಲಿ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ, ಬಣ್ಣ ಬದಲಿಸುತ್ತದೆ. ಸಂಜೆಗೆ ಬರೆದದ್ದು ಮುಂಜಾನೆಗೆ ಫ್ಲೆಕ್ಸ್ ಫಲಕವಾಗಿ ವೃತ್ತದಲ್ಲಿ ನಿಲ್ಲುತ್ತದೆ. ಒತ್ತಕ್ಷರ ಬಿಟ್ಟುಹೋದ ಫಲಕಗಳನ್ನೂ, ಹತ್ತು ಭಾವಚಿತ್ರಗಳ ನಡುವೆ ಕಾರ್ಯಕ್ರಮದ ದಿನಾಂಕವನ್ನೇ ಹುಡುಕಬೇಕಾದ ಫಲಕಗಳನ್ನೂ ಎಲ್ಲರೂ ಕಂಡಿದ್ದಾರೆ. ದೋಷ ಯಂತ್ರದ್ದಲ್ಲ, ತಿದ್ದುವುದಕ್ಕೆ ಅಂದಿಗಿಂತ ಇಂದೇ ಹೆಚ್ಚು ಅನುಕೂಲವಿದೆ. ಇಲ್ಲದಿರುವುದು ನಡುವಿನ ಆ ಒಂದು ರಾತ್ರಿ. ಬರೆದದ್ದನ್ನು ಗೋಡೆಗೆ ತೂಗುಹಾಕಿ, ಬಾಯಿ ಮುಚ್ಚಿಕೊಂಡು, ಜೊತೆಯವರು ಏನು ಓದಿದರೆಂದು ಕೇಳಿಸಿಕೊಳ್ಳುವ ತಾಳ್ಮೆ ವಿರಳವಾಗಿದೆ.

ಕನ್ನಡದಲ್ಲಿ ಅಚ್ಚಿನ ಅಕ್ಷರಕ್ಕೂ ಮೊಳೆಯೆಂದೇ ಹೆಸರು, ಗೋಡೆಗೆ ಹೊಡೆಯುವ ಕಬ್ಬಿಣಕ್ಕೂ ಮೊಳೆಯೆಂದೇ ಹೆಸರು. ಮೊದಲನೆಯ ಮೊಳೆ ಮುದ್ರಣಾಲಯಗಳಿಂದ ಕಣ್ಮರೆಯಾಗಿದೆ. ಎರಡನೆಯದು ದಾಸೋಹದ ಪಡಸಾಲೆಯ ಗೋಡೆಯಲ್ಲಿ, ಹಲವು ಸಲ ಸುಣ್ಣ ಬಳಿಸಿಕೊಂಡು, ಇನ್ನೂ ಹಾಗೆಯೇ ಇದೆ. ಮುಂದಿನ ಶಿಬಿರದ, ಜಯಂತಿಯ, ವಾರ್ಷಿಕೋತ್ಸವದ ಫಲಕವನ್ನು ಬರೆಯುವ ವಿದ್ಯಾರ್ಥಿಗಳು ಅಚ್ಚಿಗೆ ಕಳುಹಿಸುವ ಮುನ್ನ ಅದನ್ನು ಒಂದು ರಾತ್ರಿಯ ಮಟ್ಟಿಗೆ ಆ ಮೊಳೆಗೆ ತೂಗುಹಾಕಲಿ.